ಕುನ್ಮಿಂಗ್‌ಗೆ ದಾರಿ ಯಾವುದು? ಯುನ್ನಾನ್‌ನ ರೈಲು, ರಸ್ತೆ ಮತ್ತು ಅವುಗಳ ಹಿಂದಿನ ರಾಜಕೀಯ

ಕೋಲ್ಕತ್ತದಿಂದ ಚೀನಾದ ಕುನ್ಮಿಂಗ್ ನಗರಕ್ಕೆ ಆಕಾಶದಲ್ಲಿ ಸುಮಾರು 1,500 ಕಿ.ಮೀ. ಬೆಂಗಳೂರಿನಿಂದ ದೆಹಲಿಗೆ 1,700 ಕಿ.ಮೀ.ಗೂ ಜಾಸ್ತಿ. ಅಂದ್ರೆ ನಮ್ಮದೇ ರಾಜಧಾನಿ ನಮಗೆ ಎಷ್ಟು ದೂರವೋ, ಅದಕ್ಕಿಂತ ಹತ್ತಿರದಲ್ಲಿ ಕೋಲ್ಕತ್ತದವರಿಗೆ ಒಂದು ಚೀನೀ ಮಹಾನಗರ ಇದೆ. 2020ಕ್ಕೆ ಮೊದಲು ಇವೆರಡರ ನಡುವೆ ನೇರ ವಿಮಾನವೂ ಇತ್ತು. ಮೂರು ಗಂಟೆಯೊಳಗಿನ ಹಾರಾಟ. ಮೊದಲು ಕೋವಿಡ್ ಬಂತು, ಜೂನ್‌ನಲ್ಲಿ ಗಲ್ವಾನ್ ಆಯಿತು. ಆಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ, ಜಗತ್ತಿನ ಅತಿ ದೊಡ್ಡ ಜನಸಂಖ್ಯೆಯ ಎರಡು ದೇಶಗಳ ನಡುವೆ ಒಂದೇ ಒಂದು ನಿಯಮಿತ ನೇರ ಪ್ರಯಾಣಿಕ ವಿಮಾನ ಹಾರಲಿಲ್ಲ. 2025ರ ಅಕ್ಟೋಬರ್ 26ರಂದು ಕೋಲ್ಕತ್ತದಿಂದ ಗುವಾಂಗ್‌ಝೌಗೆ ಇಂಡಿಗೋ ವಿಮಾನ ಹೊರಟಾಗ ಆ ಮೌನ ಮುರಿಯಿತು.

ನಾನು ಯುನ್ನಾನ್‌ಗೆ ಹೋಗಿದ್ದು ಅದಕ್ಕೂ ಮೊದಲು, ಸುತ್ತು ದಾರಿಯಲ್ಲಿ. ವಾಪಸ್ ಬಂದಮೇಲೆ ಅತಿ ಹೆಚ್ಚು ಕೇಳಿಸಿಕೊಂಡ ಪ್ರಶ್ನೆ, “ಮಗಾ, ಆ ರೀಲ್ಸ್‌ನಲ್ಲಿ ಬರೋ ಸೇತುವೆಗಳೆಲ್ಲ ನಿಜಾನಾ?” ನಿಜ. ಮೋಡದೊಳಗಿಂದ ಎದ್ದು ನಿಂತ ಕಂಬಗಳು, ಬೆಟ್ಟ ಕೊರೆದು ಹೋಗುವ ಬಿಳಿ ರೈಲು, ಎಲ್ಲ ನಿಜವೇ. ಮಳೆಗಾಲ ಬಂದರೆ ಶಿರಾಡಿ ಘಾಟಿ ಇವತ್ತು ತೆರೆದಿದೆಯಾ ಮುಚ್ಚಿದೆಯಾ ಅಂತ ಫೋನ್ ಮಾಡಿ ಕೇಳುವ ನಮಗೆ ಅದು ಹೊಟ್ಟೆಕಿಚ್ಚು ತರಿಸುವುದೂ ಸಹಜ. ಆದರೆ ಆ ರೀಲ್ಸ್‌ಗಳ ಕೆಳಗೆ ನಡೆಯುವ ಜಗಳ ನೋಡಿ. ಒಂದು ಕಡೆ ‘ನೋಡಿ, ಸರ್ವಾಧಿಕಾರ ಇದ್ರೆ ಹೀಗೆ ಕೆಲಸ ಆಗುತ್ತೆ’ ಅನ್ನುವವರು, ಇನ್ನೊಂದು ಕಡೆ ‘ಎಲ್ಲಾ ಸುಳ್ಳು, ಎಲ್ಲಾ ಸಾಲ’ ಅನ್ನುವವರು. ಎರಡು ಗುಂಪಿಗೂ ಯುನ್ನಾನ್ ಎಲ್ಲಿದೆ ಅಂತ ಗೊತ್ತಿಲ್ಲ. ಹಾಗಾಗಿ ಹೋಗುವುದು ಹೇಗೆ, ಒಳಗೆ ಓಡಾಡುವುದು ಹೇಗೆ ಅನ್ನುವಲ್ಲಿಂದಲೇ ಶುರು ಮಾಡ್ತೀನಿ.

ಯುನ್ನಾನ್ ಅಂದರೆ ಮೋಡಗಳ ದಕ್ಷಿಣ. ಚೀನಾದ ನೈಋತ್ಯ ಮೂಲೆ. ವಿಸ್ತೀರ್ಣದಲ್ಲಿ ಕರ್ನಾಟಕದ ಎರಡರಷ್ಟು, ಜನಸಂಖ್ಯೆ ಮಾತ್ರ ನಮಗಿಂತ ಕಡಿಮೆ, 2020ರ ಗಣತಿಯಂತೆ 4.72 ಕೋಟಿ. ಮ್ಯಾನ್ಮಾರ್, ಲಾವೋಸ್, ವಿಯೆಟ್ನಾಂ ಮೂರಕ್ಕೂ ಗಡಿ. ಯೀ, ಬಾಯ್, ದಾಯ್, ಲಿಸು, ನಾಶಿ, ಟಿಬೆಟನ್ ಹೀಗೆ ಹತ್ತಾರು ಸಮುದಾಯಗಳು. ಭೂಪಟದಲ್ಲಿ ವಾಯವ್ಯ ಭಾಗ ನೋಡಿದರೆ ಇಲ್ಲಿಯ ಸಾರಿಗೆಯ ಇಡೀ ಕಷ್ಟ ಅರ್ಥವಾಗುತ್ತೆ. ನೂ, ಲಾನ್‌ಸಾಂಗ್, ಜಿನ್‌ಶಾ ಎಂಬ ಮೂರು ನದಿಗಳು ಅಕ್ಕಪಕ್ಕದಲ್ಲೇ ಉತ್ತರದಿಂದ ದಕ್ಷಿಣಕ್ಕೆ ಆಳವಾದ ಕಣಿವೆ ಕೊರೆದುಕೊಂಡು ಹರಿಯುತ್ತವೆ. ಇವು ಕೆಳಗೆ ಹೋಗಿ ಸಾಲ್ವೀನ್, ಮೆಕಾಂಗ್, ಯಾಂಗ್‌ತ್ಸೆ ಆಗುತ್ತವೆ. ನದಿಗಳ ನಡುವೆ ಗೋಡೆಗಳಂತೆ ಬೆಟ್ಟಸಾಲು. ಉತ್ತರ–ದಕ್ಷಿಣ ಹೋಗುವವರಿಗೆ ಕಣಿವೆ ದಾರಿ ಕೊಡುತ್ತೆ. ಪೂರ್ವದಿಂದ ಪಶ್ಚಿಮಕ್ಕೆ, ಅಂದ್ರೆ ಬೀಜಿಂಗ್ ಕಡೆಯಿಂದ ಭಾರತದ ಕಡೆಗೆ ಹೋಗಬೇಕಾದರೆ ಒಂದೊಂದು ಗೋಡೆಯನ್ನೂ ಹತ್ತಿ ಇಳಿಯಬೇಕು, ಇಲ್ಲ ಕೊರೆಯಬೇಕು.

ಒಳಗೆ ಹೋಗುವ ಬಾಗಿಲುಗಳು

ವಿಮಾನದ ಬಾಗಿಲು ಎಲ್ಲರಿಗೂ ಗೊತ್ತಿರೋದೇ. 2012ರಲ್ಲಿ ತೆರೆದ ಕುನ್ಮಿಂಗ್‌ನ ಚಾಂಗ್‌ಶುಯ್ ನಿಲ್ದಾಣಕ್ಕೆ ಬ್ಯಾಂಕಾಕ್‌ನಿಂದ ವಿಮಾನ ಸಿಗುತ್ತೆ, ಬೆಂಗಳೂರಿನಿಂದ ಬ್ಯಾಂಕಾಕ್ ಕಷ್ಟವಿಲ್ಲ. ಗುವಾಂಗ್‌ಝೌನಲ್ಲಿ ಇಳಿದರೆ ಅಲ್ಲಿಂದ ಕುನ್ಮಿಂಗ್‌ಗೆ ಹೈಸ್ಪೀಡ್ ರೈಲಿದೆ, ಒಂದು ಹಗಲಿನ ಪ್ರಯಾಣ. ವೀಸಾ ಮಾತ್ರ ಮೊದಲೇ ಮಾಡಿಸಿಕೊಳ್ಳಬೇಕು. ಐವತ್ತಕ್ಕೂ ಹೆಚ್ಚು ದೇಶಗಳವರಿಗೆ ಚೀನಾ ಕೊಡುವ 240 ಗಂಟೆಗಳ ವೀಸಾರಹಿತ ಟ್ರಾನ್ಸಿಟ್ ಸೌಲಭ್ಯದ ಪಟ್ಟಿಯಲ್ಲಿ ಭಾರತ ಇಲ್ಲ.

ನನಗೆ ಇಷ್ಟವಾದದ್ದು ನೆಲದ ಬಾಗಿಲುಗಳು. ಒಂದು ಲಾವೋಸ್ ಕಡೆಯದು. ಬ್ಯಾಂಕಾಕ್‌ನಿಂದ ರಾತ್ರಿ ರೈಲು ಹಿಡಿದು ಮೆಕಾಂಗ್ ದಾಟಿ ವಿಯಾಂಟಿಯಾನ್, ಅಲ್ಲಿಂದ ಕುನ್ಮಿಂಗ್‌ಗೆ ಹಗಲಿನ ರೈಲು. 1,035 ಕಿ.ಮೀ. ಉದ್ದದ ಈ ಮಾರ್ಗ 2021ರ ಡಿಸೆಂಬರ್ 3ರಂದು ಶುರುವಾಯಿತು, ಗಡಿ ದಾಟುವ ಪ್ರಯಾಣಿಕ ರೈಲು 2023ರ ಏಪ್ರಿಲ್‌ನಿಂದ. ಶುರುವಾದಾಗ ಗಡಿ ತಪಾಸಣೆಯೂ ಸೇರಿ ಹತ್ತೂವರೆ ಗಂಟೆ ಹಿಡಿಯುತ್ತಿತ್ತು. ಲಾವೋಸ್‌ನ ಬೋತೆನ್‌ನಲ್ಲಿ ಒಮ್ಮೆ, ಚೀನಾದ ಮೋಹಾನ್‌ನಲ್ಲಿ ಇನ್ನೊಮ್ಮೆ ಇಡೀ ರೈಲಿನ ಜನ ಬ್ಯಾಗು ಹೊತ್ತು ಇಳಿದು ಹತ್ತಬೇಕು. ಮೋಹಾನ್‌ನಲ್ಲಿ ನನ್ನ ಭಾರತದ ಪಾಸ್‌ಪೋರ್ಟನ್ನು ಮೂವರು ಅಧಿಕಾರಿಗಳು ಸರದಿಯಲ್ಲಿ ತಿರುವಿ ನೋಡಿದರು. ದುರಸ್ವಭಾವವೇನಿಲ್ಲ, ಅಲ್ಲಿಗೆ ಅಪರೂಪದ ವಸ್ತು ಅಷ್ಟೆ. ನನ್ನಿಂದ ತಡವಾಯಿತು ಅಂತ ಹಿಂದೆ ನಿಂತಿದ್ದ ಲಾವೋ ಹೆಂಗಸೊಬ್ಬರು ನನ್ನನ್ನೇ ಕರುಣೆಯಿಂದ ನೋಡಿದರು.

ಇನ್ನೊಂದು ವಿಯೆಟ್ನಾಂ ಬಾಗಿಲು. ಹನೋಯ್‌ನಿಂದ ಲಾವೋ ಕಾಯ್ ತನಕ ರೈಲು, ಅಲ್ಲಿ ನಡೆದೇ ಸೇತುವೆ ದಾಟಿದರೆ ಚೀನಾದ ಹೆಕೋ. ಈ ದಾರಿಗೊಂದು ದೊಡ್ಡ ಕತೆ ಇದೆ.

ಯುನ್ನಾನ್‌ನ ಮೊದಲ ರೈಲು ಹಾಕಿದ್ದು ಚೀನಾ ಅಲ್ಲ, ಫ್ರಾನ್ಸ್. ಇಂಡೋಚೈನಾ ಕೈಯಲ್ಲಿದ್ದ ಫ್ರೆಂಚರಿಗೆ ಯುನ್ನಾನ್‌ನ ತವರ ಬೇಕಿತ್ತು, ದಕ್ಷಿಣ ಚೀನಾದ ಮೇಲೆ ಹಿಡಿತ ಬೇಕಿತ್ತು. ಹಾಯ್‌ಫಾಂಗ್ ಬಂದರಿನಿಂದ ಕುನ್ಮಿಂಗ್‌ಗೆ ಮೀಟರ್ ಗೇಜ್ ಹಳಿ 1910ರಲ್ಲಿ ತಲುಪಿತು. ಇದನ್ನು ಕಟ್ಟುವಾಗ ಮಲೇರಿಯಾ, ಹಸಿವು, ಭೂಕುಸಿತಕ್ಕೆ ಸತ್ತ ಕೂಲಿಗಳ ಲೆಕ್ಕ ಸಾಮಾನ್ಯವಾಗಿ 12,000 ಅಂತ ಹೇಳುತ್ತಾರೆ. ಚೀನಾದ ಉಳಿದ ರೈಲು ಜಾಲಕ್ಕೆ ಕುನ್ಮಿಂಗ್ ಜೋಡಣೆಯಾಗಿದ್ದು 1966ರಲ್ಲಿ, ಗುಯ್‌ಯಾಂಗ್ ಮೂಲಕ. ಲೆಕ್ಕ ಹಾಕಿ: ಈ ಊರಿಗೆ ವಿದೇಶದಿಂದ ರೈಲು ಬಂದ ಮೇಲೂ 56 ವರ್ಷ ಸ್ವಂತ ರಾಜಧಾನಿಗೆ ರೈಲಿರಲಿಲ್ಲ. ಕುನ್ಮಿಂಗ್‌ನಿಂದ ಶಾಂಘೈಗೆ ಹೋಗಬೇಕಾದವರು ವಿಯೆಟ್ನಾಂಗೆ ಇಳಿದು ಹಡಗು ಹಿಡಿಯುತ್ತಿದ್ದರು. ‘ಯುನ್ನಾನ್‌ನ ಹದಿನೆಂಟು ವಿಚಿತ್ರಗಳು’ ಅಂತ ಅಲ್ಲಿ ಜನ ಹೇಳುವ ತಮಾಷೆಯ ಪಟ್ಟಿಯಲ್ಲಿ ಇದೂ ಒಂದು. ಇಲ್ಲಿನ ರೈಲಿಗಿಂತ ಬಸ್ಸೇ ಬೇಗ ಅನ್ನೋದು ಇನ್ನೊಂದು.

ವಸಾಹತು ರೈಲು ಅಂದರೆ ಇದೇ. ಬಂದರಿನಿಂದ ಗಣಿಗೆ ಗೆರೆ ಎಳೆಯುವುದು. ನಡುವೆ ಇರುವ ಜನ ಎಲ್ಲಿಗೆ ಹೋಗಬೇಕು ಅನ್ನೋದು ಯಾರ ತಲೆಯಲ್ಲೂ ಇರಲ್ಲ.

ಭಾರತದಿಂದ ಹೋದ ದಾರಿ

1937ರಲ್ಲಿ ಜಪಾನ್ ದಾಳಿ ಮಾಡಿ ಕರಾವಳಿ ಹಿಡಿದಾಗ ಚೀನಾಕ್ಕೆ ಹಿತ್ತಿಲ ಬಾಗಿಲು ಬೇಕಾಯಿತು. ಕುನ್ಮಿಂಗ್‌ನಿಂದ ಬರ್ಮಾದ ಲಾಶಿಯೋ ತನಕ 1,100 ಕಿ.ಮೀ.ಗೂ ಹೆಚ್ಚು ಉದ್ದದ ಬರ್ಮಾ ರಸ್ತೆ 1938ರ ಹೊತ್ತಿಗೆ ಸಿದ್ಧವಾಗಿದ್ದು ಸುಮಾರು ಎರಡು ಲಕ್ಷ ಜನರ ಕೈಯಿಂದ. ಗಂಡಸರು ಸೇನೆಗೆ ಹೋಗಿದ್ದರಿಂದ ಹೆಂಗಸರು, ಮಕ್ಕಳು, ಮುದುಕರೇ ಜಾಸ್ತಿ. ಯಂತ್ರಗಳಿಲ್ಲ, ಬುಟ್ಟಿ ಮತ್ತು ಗುದ್ದಲಿ. ಆಮೇಲೆ ಆ ರಸ್ತೆಯಲ್ಲಿ ಲಾರಿ ಓಡಿಸಲು ಮಲಯಾ, ಸಿಂಗಪುರ ಕಡೆಯಿಂದ 3,000ಕ್ಕೂ ಹೆಚ್ಚು ಚೀನೀ ಮೂಲದ ಡ್ರೈವರ್, ಮೆಕ್ಯಾನಿಕ್‌ಗಳು ಸ್ವಯಂಸೇವಕರಾಗಿ ಬಂದರು. ತುಂಬಾ ಜನ ವಾಪಸ್ ಹೋಗಲಿಲ್ಲ.

1942ರಲ್ಲಿ ಲಾಶಿಯೋ ಜಪಾನಿನ ಕೈಗೆ ಬಿತ್ತು, ರಸ್ತೆ ಮುಚ್ಚಿತು. ಆಗ ಅಸ್ಸಾಂನ ವಿಮಾನ ನೆಲೆಗಳಿಂದ ಹಿಮಾಲಯದ ಬಾಲದ ಮೇಲಿಂದ ಕುನ್ಮಿಂಗ್‌ಗೆ ಸಾಮಾನು ಹಾರಿಸಿದರು. ಪೈಲಟ್‌ಗಳು ಅದನ್ನು ‘ಹಂಪ್’, ಗೂನು ಅಂತ ಕರೆದರು. 1945ರ ತನಕ ಸುಮಾರು 6.5 ಲಕ್ಷ ಟನ್ ಸಾಮಾನು ಹೋಯಿತು, 500ಕ್ಕೂ ಹೆಚ್ಚು ವಿಮಾನಗಳು ಬಿದ್ದವು. ಅದೇ ವೇಳೆ ಅಸ್ಸಾಂನ ಲೆಡೋದಿಂದ ಕಾಡು ಕಡಿದು ಬರ್ಮಾ ರಸ್ತೆಗೆ ಕೂಡುವ ಇನ್ನೊಂದು ರಸ್ತೆ ಮಾಡಿದರು. ಅಮೆರಿಕದ ಜನರಲ್ ಸ್ಟಿಲ್‌ವೆಲ್ ಹೆಸರು ಅದಕ್ಕೆ ಅಂಟಿಕೊಂಡಿತು. ಮಣ್ಣು ಹೊತ್ತ ಸಾವಿರಾರು ಭಾರತೀಯ ಕೂಲಿಗಳ ಹೆಸರು ಎಲ್ಲೂ ಇಲ್ಲ. 1945ರಲ್ಲಿ ಭಾರತದಿಂದ ಹೊರಟ ಲಾರಿಗಳು ಕುನ್ಮಿಂಗ್ ತಲುಪಿದವು. ಯುದ್ಧ ಮುಗಿಯಿತು, ರಸ್ತೆ ಕಾಡಿಗೆ ವಾಪಸಾಯಿತು.

ಮತ್ತೆ ಯಾರೂ ಪ್ರಯತ್ನಿಸಲಿಲ್ಲ ಅಂತಲ್ಲ. 1999ರಲ್ಲಿ ಬಾಂಗ್ಲಾದೇಶ, ಚೀನಾ, ಭಾರತ, ಮ್ಯಾನ್ಮಾರ್ ನಾಲ್ಕೂ ಕಡೆಯವರು ಕುನ್ಮಿಂಗ್‌ನಲ್ಲಿ ಕೂತು ಒಂದು ಕಾರಿಡಾರ್ ಬಗ್ಗೆ ಮಾತು ಶುರು ಮಾಡಿದರು. 2013ರಲ್ಲಿ ಕೋಲ್ಕತ್ತದಿಂದ ಢಾಕಾ, ಇಂಫಾಲ್, ಮಂಡಲೆ ದಾಟಿ ಕುನ್ಮಿಂಗ್‌ವರೆಗೆ ಕಾರ್ ರ‍್ಯಾಲಿಯೂ ನಡೆಯಿತು. ದಾರಿ ಇದೆ, ಕಾರು ಹೋಗುತ್ತೆ ಅಂತ ಸಾಬೀತಾಯಿತು. ಆಮೇಲೆ ಬೆಲ್ಟ್ ಅಂಡ್ ರೋಡ್ ಬಗ್ಗೆ ದೆಹಲಿಯ ಅನುಮಾನ, ಡೋಕ್ಲಾಂ, ಗಲ್ವಾನ್, 2021ರ ಮ್ಯಾನ್ಮಾರ್ ಸೇನಾ ದಂಗೆ, 2023ರಿಂದ ಮಣಿಪುರದ ಬೆಂಕಿ. ಇವತ್ತು ಆ ದಾರಿಯಲ್ಲಿ ಸಾಮಾನ್ಯ ಪ್ರಯಾಣಿಕ ಹೋಗೋದು ಸಾಧ್ಯವೇ ಇಲ್ಲ.

ಒಳಗಿನ ಓಡಾಟ

ಯುನ್ನಾನ್‌ನೊಳಗೆ ಕಳೆದ ಹತ್ತು ವರ್ಷದಲ್ಲಿ ಎಲ್ಲ ಬದಲಾಗಿದೆ. 2016ರ ಡಿಸೆಂಬರ್‌ನಲ್ಲಿ ಶಾಂಘೈನಿಂದ ಹೈಸ್ಪೀಡ್ ಮಾರ್ಗ ಕುನ್ಮಿಂಗ್ ತಲುಪಿತು. 2018ರ ಜುಲೈನಲ್ಲಿ ದಾಲಿಗೆ ವೇಗದ ರೈಲು ಬಂತು. ಹಳೆ ರೈಲಿಗೆ ಆರೇಳು ಗಂಟೆ ಬೇಕಿದ್ದ ಜಾಗಕ್ಕೆ ಈಗ ಎರಡು ಗಂಟೆ. ಶುರುವಾದಾಗ ಎರಡನೇ ದರ್ಜೆಗೆ 145 ಯುವಾನ್ ಇತ್ತು. ಅಲ್ಲಿಂದ ಮುಂದೆ ಲಿಜಿಯಾಂಗ್, 2023ರ ನವೆಂಬರ್‌ನಿಂದ ಶಾಂಗ್ರಿ-ಲಾ. ಈ ಕೊನೆಯ ಊರಿನ ನಿಜವಾದ ಹೆಸರು ಝೋಂಗ್‌ದಿಯೆನ್. ಇಂಗ್ಲಿಷ್ ಕಾದಂಬರಿಯೊಂದರ ಕಲ್ಪನೆಯ ಊರಿನ ಹೆಸರನ್ನು ಪ್ರವಾಸೋದ್ಯಮಕ್ಕಾಗಿ 2001ರಲ್ಲಿ ಸರ್ಕಾರವೇ ಇಟ್ಟಿತು! (ಊರಿನ ಹೆಸರು ಬದಲಿಸುವ ರೋಗ ನಮ್ಮದು ಮಾತ್ರ ಅಂದ್ಕೊಂಡಿದ್ದೆ.) ಇದು ಟಿಬೆಟನ್ ಜನರ ಪ್ರದೇಶ, ಆದರೆ ಆಡಳಿತದಲ್ಲಿ ಯುನ್ನಾನ್‌ಗೆ ಸೇರಿದ್ದು. ಹಾಗಾಗಿ ಲಾಸಾಗೆ ಬೇಕಾಗುವ ವಿಶೇಷ ಪರವಾನಗಿ ಇಲ್ಲಿಗೆ ಬೇಡ. ಟಿಬೆಟ್ ಸ್ವಾಯತ್ತ ಪ್ರದೇಶದ ಗಡಿ ಬಂದ ತಕ್ಷಣ ಬೇಕು.

ಟಿಕೆಟ್ ತೆಗೆಯೋದು 12306 ಎಂಬ ಸರ್ಕಾರಿ ಆ್ಯಪ್‌ನಲ್ಲಿ. ಪಾಸ್‌ಪೋರ್ಟೇ ಟಿಕೆಟ್, ಕಾಗದ ಬೇಕಿಲ್ಲ. ಚೀನೀಯರು ಗುರುತಿನ ಚೀಟಿ ತಾಗಿಸಿ ಗೇಟು ದಾಟುತ್ತಾರೆ. ಎಷ್ಟೋ ಕಡೆ ವಿದೇಶಿಗರು ಪಕ್ಕದಲ್ಲಿ ಸಿಬ್ಬಂದಿ ಇರುವ ಗೇಟಿಗೆ ಹೋಗಬೇಕು. ಅನುಕೂಲ ಅನ್ನೋದು ನಿಜ, ಆದರೆ ಇದರ ಇನ್ನೊಂದು ಮುಖವೂ ನಿಜ. ಯಾರು ಯಾವತ್ತು ಎಲ್ಲಿಗೆ ಹೋದರು ಅನ್ನುವ ಪ್ರತಿಯೊಂದು ಪ್ರಯಾಣದ ದಾಖಲೆ ಸರ್ಕಾರದ ಕೈಯಲ್ಲಿರುತ್ತೆ. ಕೋರ್ಟಿನ ತೀರ್ಪಿನಂತೆ ಸಾಲ ಕಟ್ಟದವರ ಪಟ್ಟಿಗೆ ಹೆಸರು ಸೇರಿದರೆ ಹೈಸ್ಪೀಡ್ ರೈಲು, ವಿಮಾನ ಎರಡರ ಟಿಕೆಟ್ಟೂ ಸಿಗಲ್ಲ. ನಿಲ್ದಾಣದ ಬಾಗಿಲಲ್ಲಿ ಲಗೇಜು ಸ್ಕ್ಯಾನ್, ಮೈ ತಪಾಸಣೆ. ಇದು ಚೀನಾದ ಎಲ್ಲ ಕಡೆ ಇದ್ದರೂ ಕುನ್ಮಿಂಗ್‌ಗೆ ಬೇರೆಯದೇ ನೆನಪಿದೆ. 2014ರ ಮಾರ್ಚ್ 1ರಂದು ಇಲ್ಲಿಯ ರೈಲು ನಿಲ್ದಾಣದಲ್ಲಿ ಚಾಕು ಹಿಡಿದ ಗುಂಪು 31 ಜನರನ್ನು ಕೊಂದಿತ್ತು.

ಊರೊಳಗೆ ಮೆಟ್ರೋ, ಬಾಡಿಗೆ ಸೈಕಲ್, ಆ್ಯಪ್ ಟ್ಯಾಕ್ಸಿ ಎಲ್ಲ ಇವೆ. ಎಲ್ಲದಕ್ಕೂ ಫೋನಿನಲ್ಲೇ ದುಡ್ಡು ಕೊಡಬೇಕು. ಹೆಚ್ಚಿನ ಜನ ಬಳಸುವ ವಿಚಾಟ್ ನಮ್ಮಲ್ಲಿ 2020ರ ಜೂನ್‌ನಲ್ಲಿ ನಿಷೇಧವಾದ 59 ಆ್ಯಪ್‌ಗಳಲ್ಲಿ ಒಂದು, ಗೂಗಲ್ ಅವರಲ್ಲಿ ನಿಷೇಧ. ಎರಡು ಸರ್ಕಾರಗಳ ಸಿಟ್ಟಿನ ನಡುವೆ ಸಿಕ್ಕಿಬಿದ್ದವನಿಗೆ ಆಟೋಗೆ ದುಡ್ಡು ಕೊಡೋದೂ ವಿದೇಶಾಂಗ ನೀತಿಯ ವಿಷಯ ಆಗಿಬಿಡುತ್ತೆ.

ರೈಲು ಮುಗಿದ ಕಡೆ ಶುರುವಾಗೋದು ‘ಮಿಯೆನ್‌ಬಾವೋ ಚ’, ಅಂದರೆ ಬ್ರೆಡ್ ಗಾಡಿ. ಬ್ರೆಡ್ಡಿನ ಆಕಾರದ ಸಣ್ಣ ವ್ಯಾನು. ನಮ್ಮ ಮಲೆನಾಡಿನ ಮ್ಯಾಕ್ಸಿಕ್ಯಾಬ್‌ನ ಅಣ್ಣ ಅಂದ್ಕೊಳ್ಳಿ. ಸೀಟು ತುಂಬದೆ ಹೊರಡಲ್ಲ, ತುಂಬಿದ ಮೇಲೂ ಇನ್ನಿಬ್ಬರು ಹತ್ತುತ್ತಾರೆ, ಕಾಲ ಬುಡದಲ್ಲಿ ಕೋಳಿ ಇರುತ್ತೆ. ಯಾವ ರೀಲ್ಸ್‌ನಲ್ಲೂ ಇದು ಬರಲ್ಲ.

ಎರಡು ಯುವಾನ್ ರೈಲು

ನಾನು ನಮ್ಮ ಗೆಳೆಯರಿಗೆ ಬುಲೆಟ್ ರೈಲಿಗಿಂತ ಮೊದಲು ಹೇಳುವುದು ಇನ್ನೊಂದು ರೈಲಿನ ಬಗ್ಗೆ. ಚೆಂಗ್ಡು–ಕುನ್ಮಿಂಗ್ ಹಳೆ ಮಾರ್ಗ 1970ರಲ್ಲಿ ಮುಗಿಯಿತು. ಸುಮಾರು 1,100 ಕಿ.ಮೀ.ನಲ್ಲಿ 400ಕ್ಕೂ ಹೆಚ್ಚು ಸುರಂಗ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ 57 ಸುರಂಗಗಳನ್ನು ಕಿಟಕಿಯಲ್ಲಿ ಕೂತು ಎಣಿಸಿದವರಿಗೆ ಇದರ ಅಂದಾಜು ಸಿಗಬಹುದು. ಕಟ್ಟುವಾಗ ಎರಡು ಸಾವಿರಕ್ಕೂ ಹೆಚ್ಚು ಕಾರ್ಮಿಕರು, ಸೈನಿಕರು ಸತ್ತರು. ಈ ಮಾರ್ಗದಲ್ಲಿ ಸಿಚುವಾನ್‌ನ ಲಿಯಾಂಗ್‌ಶಾನ್ ಬೆಟ್ಟಗಳ ನಡುವೆ ಇವತ್ತಿಗೂ ಒಂದು ಹಸಿರು ಬಣ್ಣದ ನಿಧಾನ ರೈಲು ಓಡುತ್ತೆ. ಪಕ್ಕದಲ್ಲಿ 2022ರ ಡಿಸೆಂಬರ್‌ನಲ್ಲಿ ಹೊಸ ವೇಗದ ಮಾರ್ಗ ಬಂದಮೇಲೂ ಇದನ್ನು ನಿಲ್ಲಿಸಿಲ್ಲ. ಟಿಕೆಟ್ ದರ 2 ಯುವಾನ್‌ನಿಂದ ಶುರು, ಇಪ್ಪತ್ತು ವರ್ಷಕ್ಕೂ ಮೇಲೆ ಏರಿಸಿಲ್ಲ. ಯೀ ಸಮುದಾಯದ ರೈತರು ಹಂದಿ, ಕುರಿ, ತರಕಾರಿ ಹೊತ್ತು ಸಂತೆಗೆ ಹೋಗೋದು ಇದರಲ್ಲೇ, ಮಕ್ಕಳು ಶಾಲೆಗೆ ಹೋಗೋದು ಇದರಲ್ಲೇ. ಇಂಥ ನಿಧಾನ ರೈಲುಗಳು ಚೀನಾದಲ್ಲಿ 81 ಜೋಡಿ ಇವೆ, ಎಲ್ಲವೂ ನಷ್ಟದಲ್ಲಿ.

ಅದನ್ನು ಅವರು ನಷ್ಟ ಅಂತ ಕರೆಯದೆ ಸಾರ್ವಜನಿಕ ಸೇವೆ ಅಂತ ಕರೆಯುತ್ತಾರೆ. ನಮ್ಮಲ್ಲಿ ವಂದೇ ಭಾರತ್ ಹಸಿರು ಬಾವುಟದ ಫೋಟೋ ಬರುವಾಗ ಪ್ಯಾಸೆಂಜರ್ ರೈಲು ಯಾಕೆ ಕಡಿಮೆಯಾಯಿತು ಅಂತ ಕೇಳುವವರಿಗೆ ಚೀನಾದ ಉದಾಹರಣೆ ಬೇಕಿದ್ದರೆ ಇದನ್ನು ಕೊಡಿ.

ಹಾಗಂತ ಲೆಕ್ಕ ಎಲ್ಲ ಸರಿಯಿದೆ ಅಂತಲ್ಲ. ಚೀನಾ ರೈಲ್ವೆಯ ಸಾಲ 6 ಲಕ್ಷ ಕೋಟಿ ಯುವಾನ್ ದಾಟಿದೆ. ಯುನ್ನಾನ್‌ನ ಎಕ್ಸ್‌ಪ್ರೆಸ್‌ವೇ ಉದ್ದ 10,000 ಕಿ.ಮೀ. ದಾಟಿದೆ, ಅದರ ಹೆಚ್ಚಿನ ಪಾಲು ಸ್ಥಳೀಯ ಸರ್ಕಾರದ ಕಂಪನಿಗಳ ಸಾಲದಲ್ಲಿ ಕಟ್ಟಿದ್ದು. ಕಣಿವೆ ದಾಟುವ ರಸ್ತೆಯ ಖರ್ಚು ಬಯಲಿಗಿಂತ ಎಷ್ಟೋ ಪಟ್ಟು, ಟೋಲ್ ಕಟ್ಟುವ ವಾಹನಗಳು ಕಡಿಮೆ. ಅತಿಯಾಗಿ ಸಾಲ ಮಾಡಿದ 12 ಪ್ರಾಂತ್ಯಗಳು ಕೆಲವು ಮೂಲಸೌಕರ್ಯ ಯೋಜನೆಗಳನ್ನು ಮುಂದೂಡಬೇಕು ಅಥವಾ ನಿಲ್ಲಿಸಬೇಕು ಅಂತ ಬೀಜಿಂಗ್ ಹೇಳಿದ ಸುದ್ದಿ 2024ರ ಜನವರಿಯಲ್ಲಿ ಬಂತು. ಆ ಹನ್ನೆರಡರಲ್ಲಿ ಯುನ್ನಾನ್ ಇದೆ. ಇಷ್ಟು ಸಾಲ ಮಾಡೋಣವಾ ಅಂತ ಯುನ್ನಾನ್‌ನ ಮತದಾರರನ್ನು ಯಾರೂ ಕೇಳಿರಲಿಲ್ಲ, ಕೇಳುವ ವ್ಯವಸ್ಥೆಯೇ ಅಲ್ಲಿಲ್ಲ. ಲಾವೋಸ್‌ನ ಕತೆ ಇನ್ನೂ ಗಟ್ಟಿ. ಆ ರೈಲಿನ ಲಾವೋಸ್ ಭಾಗದ ಖರ್ಚು ಸುಮಾರು 600 ಕೋಟಿ ಡಾಲರ್, ಕಂಪನಿಯಲ್ಲಿ ಚೀನಾದ ಪಾಲು ಶೇ 70. ತನ್ನ ಶೇ 30ರ ಬಂಡವಾಳ ಹಾಕಲೂ ಲಾವೋಸ್ ಚೀನಾದ ಬ್ಯಾಂಕಿನಿಂದಲೇ ಸಾಲ ತಂದಿತು. ರೈಲಿನಲ್ಲಿ ಮಾತ್ರ ಜಾಗ ಇರಲ್ಲ. ಬಸ್ಸಿನಲ್ಲಿ ಇಡೀ ದಿನ ಬೆಟ್ಟ ಹತ್ತುತ್ತಿದ್ದ ಲಾವೋ ಜನರಿಗೆ ಅದು ಬೇಕಾಗಿಯೇ ಇತ್ತು. ಸಾಲವೂ ನಿಜ, ಉಪಯೋಗವೂ ನಿಜ. ಎರಡನ್ನೂ ಒಟ್ಟಿಗೆ ಹೇಳದ ಲೇಖನವನ್ನು ನಾನು ನಂಬಲ್ಲ.

ಪಶ್ಚಿಮದ ಗೋಡೆ

ದಾಲಿಯಿಂದ ಮ್ಯಾನ್ಮಾರ್ ಗಡಿಯ ರುಯ್‌ಲಿಗೆ ರೈಲು ಕೆಲಸ 2008ರಲ್ಲಿ ಶುರುವಾಯಿತು. ಒಟ್ಟು 330 ಕಿ.ಮೀ. ಅದರಲ್ಲಿ ಬಾವೋಶಾನ್ ತನಕದ 133 ಕಿ.ಮೀ. ತೆರೆದಿದ್ದು 2022ರ ಜುಲೈನಲ್ಲಿ. ಹದಿನಾಲ್ಕು ವರ್ಷ! ಚೀನಾದಲ್ಲಿ ಎಲ್ಲ ಕೆಲಸ ರಾತ್ರೋರಾತ್ರಿ ಆಗುತ್ತೆ ಅನ್ನುವವರು ಈ ಅಂಕಿ ಬರೆದಿಟ್ಟುಕೊಳ್ಳಿ. ಮುಂದಿರುವ ಗಾವೋಲಿಗೊಂಗ್ ಬೆಟ್ಟದಲ್ಲಿ 34.5 ಕಿ.ಮೀ. ಸುರಂಗ ಕೊರೆಯಬೇಕಾಗಿ ಬಂತು. ಒಳಗೆ ಬಿಸಿನೀರಿನ ಬುಗ್ಗೆ, ಕುಸಿಯುವ ಕಲ್ಲು, ಭೂಕಂಪದ ಬಿರುಕು. ಆಚೆ ರುಯ್‌ಲಿಯಿಂದ ಮ್ಯಾನ್ಮಾರ್ ಒಳಗೆ ಹಳಿ ಹಾಕಿ ಬಂಗಾಳ ಕೊಲ್ಲಿ ಸೇರುವ ಯೋಜನೆ ಕಾಗದದಲ್ಲೇ ಇದೆ. ಎಣ್ಣೆ ಮತ್ತು ಅನಿಲದ ಪೈಪು ಮಾತ್ರ ಈಗಾಗಲೇ ಆ ಕೊಲ್ಲಿಯಿಂದ ಕುನ್ಮಿಂಗ್ ತನಕ ಬಂದಿವೆ. ಬರ್ಮಾ ರಸ್ತೆಯ ತುದಿಯಾಗಿದ್ದ ಲಾಶಿಯೋವನ್ನು 2024ರಲ್ಲಿ ಸಶಸ್ತ್ರ ಗುಂಪೊಂದು ಸೇನೆಯಿಂದ ಕಿತ್ತುಕೊಂಡಿತು. 2025ರ ಏಪ್ರಿಲ್‌ನಲ್ಲಿ ಚೀನಾದ ಮಧ್ಯಸ್ಥಿಕೆಯಲ್ಲಿ ವಾಪಸ್ ಕೊಟ್ಟಿತು. ಆ ಊರು ಯಾರ ಕೈಯಲ್ಲಿರಬೇಕು ಅನ್ನೋದು ದಾರಿಯ ಪ್ರಶ್ನೆ, 1942ರಲ್ಲೂ ಹಾಗೇ ಇತ್ತು.

ಬಾವೋಶಾನ್‌ನಲ್ಲಿ ರೈಲಿಳಿದು ಬಸ್ಸಿನಲ್ಲಿ ಉತ್ತರಕ್ಕೆ ತಿರುಗಿದರೆ ನೂ ನದಿಯ ಕಣಿವೆ. ಈ ಕಣಿವೆಯ ಮೇಲ್ಭಾಗಕ್ಕೆ ರೈಲೂ ಇಲ್ಲ, ಎಕ್ಸ್‌ಪ್ರೆಸ್‌ವೇಯೂ ಇಲ್ಲ. ನದಿಯ ಪಕ್ಕದಲ್ಲೇ ಉತ್ತರಕ್ಕೆ ಹೋಗುವ ಒಂದು ಹೆದ್ದಾರಿ, 2019ರ ಕೊನೆಗೆ ಅಗಲ ಮಾಡಿದ್ದು. 2003ರಲ್ಲಿ ಈ ನದಿಗೆ 13 ಅಣೆಕಟ್ಟು ಕಟ್ಟುವ ಯೋಜನೆ ಬಂದಿತ್ತು. ಯು ಶಿಯಾವೋಗಾಂಗ್ ಅಂಥ ಪರಿಸರ ಹೋರಾಟಗಾರರು ಹಳ್ಳಿ ಹಳ್ಳಿ ತಿರುಗಿ, ಹಿಂದೆ ಅಣೆಕಟ್ಟಿಗೆ ಊರು ಬಿಟ್ಟವರ ಪಾಡು ತೋರಿಸಿ ವಿರೋಧ ಕಟ್ಟಿದರು. 2004ರಲ್ಲಿ ಪ್ರಧಾನಿ ವೆನ್ ಜಿಯಾಬಾವೋ ಯೋಜನೆಗೆ ತಡೆ ಹಾಕಿದರು. ಚೀನಾದಲ್ಲಿ ಜನ ಬಾಯಿ ಬಿಡೋದೇ ಇಲ್ಲ ಅನ್ನುವವರಿಗೆ ಇದೂ ಗೊತ್ತಿರಲಿ. ಅಂಥ ಬಾಯಿಗೆ ಈಗ ಇರುವ ಜಾಗ ಆಗಿನಷ್ಟು ಇಲ್ಲ ಅನ್ನೋದೂ ಗೊತ್ತಿರಲಿ.

ಕಣಿವೆಯ ಎರಡೂ ದಡದಲ್ಲಿ ಲಿಸು ಜನರ ಊರುಗಳು. ತಲೆತಲಾಂತರದಿಂದ ಅವರು ನದಿ ದಾಟುತ್ತಿದ್ದದ್ದು ಹಗ್ಗದಲ್ಲಿ ಜಾರಿಕೊಂಡು. ಮೊದಲು ಬಿದಿರಿನ ಹಗ್ಗ, ಆಮೇಲೆ ಉಕ್ಕಿನ ತಂತಿ. ಶಾಲೆಗೆ ಹೋಗುವ ಮಗು, ಮಾರುವ ಹಂದಿ, ಆಸ್ಪತ್ರೆಗೆ ಹೊರಟ ಬಸುರಿ ಎಲ್ಲರೂ ಕೆಳಗೆ ಭೋರ್ಗರೆಯುವ ನೀರಿನ ಮೇಲೆ ಒಂದು ಕೊಂಡಿಗೆ ನೇತಾಡಿಕೊಂಡೇ ದಾಟಬೇಕಿತ್ತು. 2010ರ ದಶಕದಲ್ಲಿ ಸರ್ಕಾರ ತಂತಿಗಳ ಜಾಗದಲ್ಲಿ ಸೇತುವೆಗಳನ್ನು ಕಟ್ಟಿತು. ಯಾವ ದಾಖಲೆಯನ್ನೂ ಮುರಿಯದ ಸಣ್ಣ ಸೇತುವೆಗಳು, ಕೆಲವು ಒಂದು ವ್ಯಾನು ಹೋಗುವಷ್ಟೇ ಅಗಲ. ನಾನು ಕೂತಿದ್ದ ಬ್ರೆಡ್ ಗಾಡಿ ಅಂಥದ್ದೊಂದರ ಮೇಲೆ ಎದುರಿಗೆ ಬಂದ ಮೇಕೆ ಹಿಂಡಿಗೆ ದಾರಿ ಬಿಡಲು ಪೂರ್ತಿ ಹಿಂದಕ್ಕೆ ಬರಬೇಕಾಯಿತು. ಡ್ರೈವರ್ ಬೈಯಲಿಲ್ಲ, ಸಿಗರೇಟು ಹಚ್ಚಿಕೊಂಡ. ಪಕ್ಕದಲ್ಲೇ ಹಳೆ ತಂತಿ ಇನ್ನೂ ಇತ್ತು. ಅಂಥ ಕೆಲವನ್ನು ಪ್ರವಾಸಿಗರಿಗಾಗಿ ಉಳಿಸಿಕೊಂಡಿದ್ದಾರೆ. ಈಗ ಅದರಲ್ಲಿ ಜಾರೋಕೆ ದುಡ್ಡು ಕೊಡಬೇಕು, ಸೇತುವೆ ಮೇಲೆ ನಡೆಯೋದು ಪುಕ್ಕಟೆ.